ಪುಟ್ಟಕ್ಕನ ಮೇಣದ ಬಿಲ್ಲೆ

ಪುಟ್ಟಕ್ಕನನ್ನು ನಾನು ಮೊದಲು ನೋಡಿದ್ದು ಒಂದು ಆಷಾಢ ಸೋಮವಾರ, ಬೆಳಿಗ್ಗೆ ಆರೂವರೆಗೆ, ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ಬಾಗಿಲಲ್ಲಿ. ಅದಕ್ಕೆ ಈಗ ಮೂವತ್ತೆರಡು ವರ್ಷ. ನಾನು ಅಷ್ಟು ಹೊತ್ತಿಗೆ ಅಲ್ಲಿ ನಾಲ್ಕು ವರ್ಷ ಜರಡಿ ಹಿಡಿದಾಗಿತ್ತು. ಅವಳು ಹಸಿರು ಸೀರೆ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು. ಒಳಗೆ ಮರಳು ಕಾದಿತ್ತು. ಉಪ್ಪುನೀರಿನಲ್ಲಿ ನೆನೆಸಿ ಒಣಗಿಸಿದ ಅಕ್ಕಿಯನ್ನು ಆ ಮರಳಿಗೆ ಹಾಕಿದ ಕೂಡಲೆ ಅರಳಿ ಬರುತ್ತದೆ. ಬಂದದ್ದನ್ನು ನಾವು ಹೆಂಗಸರು ಜರಡಿಯಲ್ಲಿ ಹಿಡಿದು, ಮರಳು ಉದುರಿಸಿ, ಚೀಲಕ್ಕೆ ತುಂಬಬೇಕು. ಬಾಗಿಲ ಬಳಿ ನಿಂತವರಿಗೂ ಆ ಕಾವು ಮುಖಕ್ಕೆ ಬಡಿಯುತ್ತದೆ.

ಅವಳು ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಮೊದಲು ಕೇಳಿದ್ದೇ ಇದು: "ಅಕ್ಕಾ, ಇಲ್ಲಿ ಎಷ್ಟು ದಿನ ನಿಂತ್ರೆ ಈ ಸೆಕೆ ಅನ್ಸೋದು ನಿಲ್ತೈತೆ?"

"ಒಂದು ವರ್ಷ," ಎಂದೆ.

ಮುಂದಿನ ಆಷಾಢದಲ್ಲಿ ಒಂದು ದಿನ ಜರಡಿ ಕೆಳಗಿಟ್ಟು ನನ್ನ ಮುಂದೆ ಬಂದು ನಿಂತಳು. ನಾನು ಹೇಳಿದ್ದು ಸುಳ್ಳು, ವರ್ಷ ಮೊನ್ನೆಗೆ ತುಂಬಿತು, ಸೆಕೆ ಹಾಗೇ ಇದೆ ಎಂದಳು. ಅವಳ ಸ್ವಭಾವ ಹಾಗೆ. ಯಾರು ಏನು ಹೇಳಿದರೂ ನೆನಪಿಟ್ಟುಕೊಂಡು, ದಿನ ತುಂಬಿದ ಮೇಲೆ ಬಂದು ಕೇಳುವವಳು.

ನನಗಿಂತ ನಾಲ್ಕು ವರ್ಷ ಚಿಕ್ಕವಳು. ಆದರೂ ಹೆಸರಿನಲ್ಲೇ ಅಕ್ಕ ಇದ್ದುದರಿಂದ ಎಲ್ಲರೂ ಅವಳನ್ನು ಪುಟ್ಟಕ್ಕ ಎಂದೇ ಕರೆಯಬೇಕಿತ್ತು. ಅವಳು ನನ್ನನ್ನು ಹಾಲಕ್ಕ ಎನ್ನುತ್ತಿದ್ದಳು. ಊರು ಕುಕ್ಕುವಾಡ. ಗಂಡ ಹಮಾಲಿ ಮಾಡುತ್ತಿದ್ದ, ಬೇಗ ತೀರಿಕೊಂಡ. ಒಬ್ಬನೇ ಮಗ, ಬಸವಕಿರಣ್, ಈಗ ಆಟೋ ಓಡಿಸುತ್ತಾನೆ. ಬೆನ್ನಿಗೆ ಬಿದ್ದ ತಂಗಿ ಒಬ್ಬಳು, ರಂಗವ್ವ. ಅವಳನ್ನು ಹರಿಹರಕ್ಕೆ ಕೊಟ್ಟಿದ್ದರು.

ಈ ತಂಗಿಯ ವಿಷಯ ಹೇಳದೆ ಪುಟ್ಟಕ್ಕನ ವಿಷಯ ಹೇಳಲಾಗದು.

ಅವರ ತಾಯಿ ಕೊನೆಗಾಲದಲ್ಲಿ ಪುಟ್ಟಕ್ಕನ ಮನೆಯಲ್ಲೇ ಇದ್ದರು. ಒಂದು ದಿನ ಬೆಳಿಗ್ಗೆ ಎದ್ದು ನೀರು ಕೇಳಿದರು, ನೀರು ತರುವಷ್ಟರಲ್ಲಿ ಹೋಗಿದ್ದರು. ರಂಗವ್ವನಿಗೆ ಫೋನ್ ಮಾಡಿದರೆ ಹತ್ತಲಿಲ್ಲ. ಯಾರನ್ನೋ ಕಳಿಸಿದರು, ಹೋದವನು ಹರಿಹರದಲ್ಲಿ ಮನೆಗೆ ಬೀಗ ಕಂಡು ಪಕ್ಕದ ಮನೆಯಲ್ಲಿ ಹೇಳಿ ಬಂದ. ರಂಗವ್ವ ಅಂದು ಗಂಡನ ಕಡೆಯವರ ಮದುವೆಗೆ ಬೇರೆ ಊರಿಗೆ ಹೋಗಿದ್ದಳು. ಹೆಣವನ್ನು ಕುಕ್ಕುವಾಡಕ್ಕೆ ಒಯ್ದರು. ನಾಲ್ಕು ಗಂಟೆಯವರೆಗೆ ಕಾದರು. ಇನ್ನು ಹೊತ್ತು ಮುಳುಗುತ್ತದೆ, ಇಡಬಾರದು ಎಂದು ಹಿರಿಯರು ಎದ್ದರು. ಪುಟ್ಟಕ್ಕ ಹೂಂ ಎಂದಳು. ಮಣ್ಣು ಎಳೆದು ಸಮ ಮಾಡುತ್ತಿದ್ದಾಗ ರಂಗವ್ವ ಓಡಿ ಬಂದಳು. ನಾನೂ ಅಲ್ಲೇ ಇದ್ದೆ. ಅವಳು ಅಳಲಿಲ್ಲ. ಮಣ್ಣನ್ನು ನೋಡಿದಳು, ಅಕ್ಕನನ್ನು ನೋಡಿದಳು.

"ಅವ್ವನ ಮಖ ನೀನೊಬ್ಬಳೇ ನೋಡಿ ಮುಚ್ಚಿದೆ," ಎಂದಳು. ಮನೆಯಲ್ಲಿ ಒಂದು ಗುಟುಕು ನೀರೂ ಮುಟ್ಟದೆ ಹೋದಳು.

ಆಮೇಲೆ ಹನ್ನೆರಡು ವರ್ಷ ಅಕ್ಕತಂಗಿ ಮಾತಾಡಲಿಲ್ಲ. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ.

ಹೋಗಿ ಬಾ ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ನಾನು ದೊಡ್ಡವಳು, ಅವಳೇ ಬರಬೇಕು ಎನ್ನುತ್ತಿದ್ದಳು. ಆದರೆ ಭಟ್ಟಿ ಬಿಟ್ಟು ಮನೆಗೆ ಹೋಗುವಾಗ ನಾವು ದಾಟುವ ರಸ್ತೆಯಲ್ಲಿ ಹರಿಹರದ ಬಸ್ಸು ಬಂದರೆ ಅವಳ ಕಾಲು ಅಲ್ಲೇ ನಿಲ್ಲುತ್ತಿತ್ತು. ಬಸ್ಸು ಎಷ್ಟೇ ದೂರ ಇರಲಿ, ದಾಟುವುದಕ್ಕೆ ಎಷ್ಟೇ ಸಮಯ ಇರಲಿ, ಅದು ಬಂದು ಮುಂದೆ ಹಾದು ಹೋಗುವವರೆಗೆ ಅಲ್ಲಾಡುತ್ತಿರಲಿಲ್ಲ. ಮೊದಲ ಕಿಟಕಿಯಿಂದ ಕೊನೆಯ ಕಿಟಕಿಯವರೆಗೆ ನೋಡುತ್ತಿದ್ದಳು. ಆಮೇಲೆ ದೂಳು ಬಿತ್ತು ಎಂದು ಕಣ್ಣು ಒರೆಸಿಕೊಂಡು, ನಡಿ ಎನ್ನುತ್ತಿದ್ದಳು. ಪ್ರತಿ ವರ್ಷ ನಾಗರಪಂಚಮಿಗೆ ಶೇಂಗಾದುಂಡೆ, ಎಳ್ಳುಂಡೆ ಕಟ್ಟಿ ಒಂದು ಡಬ್ಬಿ ಬೇರೆ ತೆಗೆದಿಡುತ್ತಿದ್ದಳು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮ ಕಡೆ ರೂಢಿ. ಅವ್ವ ಇಲ್ಲದ ಮೇಲೆ ಅಕ್ಕನ ಮನೆಯೇ ತವರು. ಮೂರು ದಿನ ಡಬ್ಬಿ ಹಾಗೇ ಇರುತ್ತಿತ್ತು. ನಾಲ್ಕನೆಯ ದಿನ ಭಟ್ಟಿಗೆ ತಂದು ಎಲ್ಲರಿಗೂ ಹಂಚುತ್ತಿದ್ದಳು. ಯಾರ ಪಾಲಿನದು ಎಂದು ಯಾರೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಅವಳಿಗೆ ಕೆಮ್ಮು ಬಂತು.

ಕೆಮ್ಮು ಭಟ್ಟಿಯವರಿಗೆ ಹೊಸದಲ್ಲ. ನಾವು ಸೇರಿದ ಕಾಲದಲ್ಲಿ ಒಲೆಗೆ ಹಳೆಯ ಟೈರು ಹಾಕುತ್ತಿದ್ದರು. ಉಗುಳಿದರೆ ಕಪ್ಪು ಬರುತ್ತಿತ್ತು. ಈಗ ಭತ್ತದ ಹೊಟ್ಟು ಸುಡುತ್ತಾರೆ. ಆದರೆ ಈ ಕೆಮ್ಮು ಕಾರ್ತಿಕದಲ್ಲಿ ಹಿಡಿದದ್ದು ಯುಗಾದಿಗೂ ಬಿಡಲಿಲ್ಲ. ಬಲ ಹೆಗಲಿನ ಹಿಂದೆ ನೋವು ಎನ್ನುತ್ತಿದ್ದಳು. ಬಳೆ ಮೊಣಕೈವರೆಗೆ ಜಾರತೊಡಗಿತು. ಒಂದು ದಿನ ಟವೆಲ್ಲಿಗೆ ಕೆಮ್ಮಿ, ಮಡಚಿ ಇಟ್ಟುಕೊಂಡಳು. ನಾನು ಕಸಿದು ನೋಡಿದೆ. ಕುಂಕುಮದಷ್ಟು ರಕ್ತವಿತ್ತು.

ಮಗ ಆಸ್ಪತ್ರೆಗೆ ಕರೆದೊಯ್ದ. ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಕಂಡಿತು. ಪಕ್ಕೆಲುಬಿನ ನಡುವೆ ಸೂಜಿ ಹಾಕಿ ದಾರದ ಎಳೆಯಂಥ ಚೂರು ತೆಗೆದರು. ಆ ಸೂಜಿಯ ತೂತಿನಿಂದ ಗಾಳಿ ಸೋರಿ ಶ್ವಾಸಕೋಶ ಕುಸಿಯಿತು; ಎದೆಗೆ ಕೊಳವೆ ಹಾಕಿಕೊಂಡು ಮೂರು ದಿನ ಮಲಗಿದಳು. ಇನ್ನೊಂದು ಸಲ ಆ ಸೂಜಿ ಬ್ಯಾಡ ಎಂದು ಆಗಲೇ ಹೇಳಿಬಿಟ್ಟಳು. ಚೂರಿನ ಫಲಿತಾಂಶ ಬಂತು, ಕ್ಯಾನ್ಸರ್ ಎಂದು. ಡಾಕ್ಟರು ಎಷ್ಟು ವರ್ಷ ಹೊಗೆಯಲ್ಲಿ ಕೆಲಸ ಎಂದು ಕೇಳಿ ಬರೆದುಕೊಂಡರು. ಕಿಮೋ ಶುರುಮಾಡಿದರು.

ಎಷ್ಟು ದಿನ ಇರುತ್ತೇನೆ ಎಂದು ಅವಳು ಪ್ರತಿ ಸಲವೂ ಕೇಳುತ್ತಿದ್ದಳು. ನೋಡೋಣಮ್ಮ ಎನ್ನುತ್ತಿದ್ದರು. ಅವಳಿಗೆ ಆ ಮಾತು ಸರಿಬರಲಿಲ್ಲ.

ಹೊರಗೆ ಬಂದ ಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ನನಗೆ ಹೇಳಿದಳು. ಇದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ನಂಗೆ ಸಾಯೋದಕ್ಕೆ ಅಂಜಿಕಿ ಇಲ್ಲ ಹಾಲಕ್ಕ. ನಾಕೈದು ವರ್ಷ ಐತೆ ಅಂದ್ರೆ ರಂಗಿ ತಾನಾಗೇ ಬರ್ತಾಳ, ಕಾಯ್ತೀನಿ. ನಾಕೈದು ತಿಂಗಳು ಅಂದ್ರೆ ನಾನೇ ಹೋಗ್ಬೇಕು. ಯಾವ್ದು ಅಂತ ಗೊತ್ತಾಗ್ಲಿ ಸಾಕು."

ಅವಳಿಗೆ ಬೇಕಿದ್ದುದು ಇಷ್ಟೇ. ಯಾರು ಬಾಗಬೇಕು ಎನ್ನುವುದು.

ಕಿಮೋ ಕೊಡುವ ಕಡೆಯಲ್ಲೇ ಚೈತ್ರಾ ಎಂಬ ಹುಡುಗಿ ಸಿಕ್ಕಿದಳು. ಡಾಕ್ಟರಾಗಿ ಮತ್ತೂ ಓದುತ್ತಿರುವವಳು, ವಿದ್ಯಾನಗರದ ಹಾಸ್ಟೆಲಿನಲ್ಲಿ ಇರುತ್ತಿದ್ದಳು, ಸ್ಕೂಟರಿನಲ್ಲಿ ಬರುತ್ತಿದ್ದಳು. ಶ್ವಾಸಕೋಶದ ಗಡ್ಡೆಗಳು ಕೆಲವು ಇದ್ದಲ್ಲೇ ಇರುತ್ತವೆ, ಕೆಲವು ಬೇಗ ಹರಡುತ್ತವೆ, ಯಾಕೆ ಎಂದು ನೋಡುವುದು ಅವಳ ಓದು. ಪುಟ್ಟಕ್ಕನ ಚೂರನ್ನೂ ನೋಡಬಹುದೇ ಎಂದು ಒಪ್ಪಿಗೆ ಕೇಳಿದಳು. ಪುಟ್ಟಕ್ಕ, ಮೊದಲು ಏನು ನೋಡುತ್ತೀ ಹೇಳು, ಆಮೇಲೆ ಹೆಬ್ಬೆಟ್ಟು ಒತ್ತುತ್ತೇನೆ ಎಂದಳು. ಚೈತ್ರಾ ಬೇಸರಿಸಲಿಲ್ಲ. ಒಂದು ಮಧ್ಯಾಹ್ನ ನಮ್ಮಿಬ್ಬರನ್ನೂ ತನ್ನ ಕೋಣೆಯಲ್ಲಿ ಕೂರಿಸಿಕೊಂಡು ಹೇಳಿದಳು. ನನಗೆ ಓದು ಅಷ್ಟಕ್ಕಷ್ಟೆ. ಮರೆಯದಂತೆ ಎರಡೆರಡು ಸಲ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಶ್ವಾಸಕೋಶದೊಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಕೋಣೆಗಳು. ಕೋಣೆಕೋಣೆಗೂ ಅಡಿಯಲ್ಲಿ ಬಲೆ ಹೆಣೆದಂಥ ತೆಳು ಹಾಸು. ಆ ಹಾಸು ಪ್ರೋಟೀನಿನ ಎಳೆಗಳಿಂದ ಆದದ್ದು. ಗಡ್ಡೆ ಹುಟ್ಟಿದಾಗ ಆ ಹಾಸಿನ ಒಳಗಡೆಯೇ ಇರುತ್ತದೆ. ಹೊರಗೆ ದಾಟಿ ರಕ್ತಕ್ಕೆ ಸೇರಬೇಕಾದರೆ ಹಾಸನ್ನು ಕತ್ತರಿಸಬೇಕು. ಕತ್ತರಿಸುವುದಕ್ಕೆ ಅದು ಒಂದು ಬಗೆಯ ರಸ ಬಿಡುತ್ತದೆ. ಅದರ ಹೆಸರು ಪ್ರೋಟಿಯೇಸ್, ಪ್ರೋಟೀನನ್ನು ಕತ್ತರಿಸುವ ಕಿಣ್ವ.

ಪುಟ್ಟಕ್ಕ ಸ್ವಲ್ಪ ಯೋಚಿಸಿದಳು. "ನಮ್ ಭಟ್ಟಿ ಸಾಬ್ರ ಮನ್ಯಾಗೆ ಬಲಿತ ಮಟನ್‌ಗೆ ಪಪ್ಪಾಯಿಕಾಯಿ ಅರೆದು ಹಚ್ತಾರೆ. ಒಂದು ತಾಸಿಗೆ ಮೆತ್ತಗಾಗ್ತೈತೆ. ಹಂಗೇನು?"

"ಹಂಗೇ ಅಮ್ಮ. ಅದರೊಳಗೂ ಇಂಥದ್ದೇ ಕಿಣ್ವ ಇರೋದು," ಎಂದಳು ಚೈತ್ರಾ. ಅವಳಿಗೆ ಖುಷಿಯಾಯಿತು.

ಆ ರಸ ಹೊರಗಿನಿಂದ ಬಂದದ್ದಲ್ಲ. ಹೊಟ್ಟೆಯಲ್ಲಿ ಬೇಳೆ ಕರಗುವುದೂ ಅಂಥ ರಸದಿಂದಲೇ, ಗಾಯ ಮಾಯುವಾಗ ಸತ್ತ ಮಾಂಸ ತೆಗೆಯುವುದೂ ಅಂಥದ್ದೇ. ಅದು ಮಿತಿಮೀರದಂತೆ ತಡೆಯುವ ವಸ್ತುವನ್ನೂ ದೇಹವೇ ಮಾಡುತ್ತದೆ. ಕ್ಯಾನ್ಸರು ಈ ರಸವನ್ನು ಹೆಚ್ಚು ಮಾಡಿಕೊಳ್ಳುತ್ತದೆ; ಕೆಲವೊಮ್ಮೆ ಅಕ್ಕಪಕ್ಕದ ಒಳ್ಳೆಯ ಜೀವಕೋಶಗಳಿಂದಲೂ ಬಿಡಿಸುತ್ತದೆ. ರಸ ಹೆಚ್ಚಾಗಿ ತಡೆ ಸೋತರೆ ಹಾಸು ಹರಿಯುತ್ತದೆ. ಆಗ ಗಡ್ಡೆಯ ಕಣಗಳು ರಕ್ತದಲ್ಲಿ ಹೋಗಿ ಮೂಳೆಯಲ್ಲೋ ಮಿದುಳಿನಲ್ಲೋ ಕೂರುತ್ತವೆ. ಅಂಥವರು ಸಾಮಾನ್ಯವಾಗಿ ಬೇಗ ಹೋಗುತ್ತಾರೆ. ರಸ ಕಡಿಮೆ ಇದ್ದವರಲ್ಲಿ ಗಡ್ಡೆ ನಿಧಾನ.

ಸೂಕ್ಷ್ಮದರ್ಶಕದಲ್ಲಿ ಬೇರೆ ಯಾರದೋ ಗಾಜಿನ ಪಟ್ಟಿ ಇಟ್ಟು ತೋರಿಸಿದಳು. ರಸ ಇದ್ದಲ್ಲೆಲ್ಲ ಕಂದು ಬಣ್ಣ ಹಿಡಿಯುವಂತೆ ಬಣ್ಣ ಹಾಕುತ್ತಾರಂತೆ. ಪುಟ್ಟಕ್ಕ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ಬಾಣಲೆಯ ಅಂಚಿಗೆ ಸಿಕ್ಕಿ ಕೆಂಪಾದ ಮಂಡಕ್ಕಿಯ ಹಾಗೆ ಇದೆ, ನಡುವೆ ಬಿಳಿ, ಅಂಚಿಗೆ ಕಂದು ಎಂದಳು. ಅಂಚಿನಲ್ಲಿ ಇದ್ದರೇ ಹೆದರಿಕೆ, ಅಲ್ಲಿಂದಲೇ ಅದು ದಾಟುವುದು ಎಂದಳು ಚೈತ್ರಾ. ಆಮೇಲೆ ಒತ್ತಿ ಹೇಳಿದಳು, ಇದು ಇನ್ನೂ ಓದುತ್ತಿರುವ ವಿಷಯ, ಇದರಿಂದ ನಿಮ್ಮ ಔಷಧಿ ಬದಲಾಗುವುದಿಲ್ಲ, ನೂರು ಜನರ ಲೆಕ್ಕದಲ್ಲಿ ನಿಜವಾದದ್ದು ಒಬ್ಬರಿಗೆ ಹಾಗೇ ಆಗಬೇಕೆಂದಿಲ್ಲ.

"ಆಗ್ಲವ್ವ. ನನ್ನ ಅಂಚು ಕೆಂಪೈತೋ ಬೆಳ್ಳಗೈತೋ, ಅಷ್ಟು ಹೇಳು," ಎಂದು ಪುಟ್ಟಕ್ಕ ಹೆಬ್ಬೆಟ್ಟು ಒತ್ತಿದಳು.

ಸೂಜಿಯಿಂದ ತೆಗೆದ ಚೂರು ಮೊದಲಿನ ಲ್ಯಾಬಿನಲ್ಲಿತ್ತು. ಇಂಥ ಚೂರನ್ನು ಮೇಣದಲ್ಲಿ ಹುದುಗಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಬಿಲ್ಲೆ ಮಾಡಿ ಇಡುತ್ತಾರೆ. ಬೇಕಾದಾಗ ಅದರಿಂದ ತೆಳ್ಳಗೆ ಹೆರೆದು ನೋಡುತ್ತಾರೆ. ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ರೋಗಿಯ ಮನೆಯವರೇ ಒಯ್ಯಬೇಕು. ಒಂದು ಶನಿವಾರ ಮಧ್ಯಾಹ್ನ ಬಸವಕಿರಣ್ ಅದನ್ನು ತಂದ. ಚೈತ್ರಾ ಸಿಗುವುದು ಸೋಮವಾರ. ತಾಯಿ ಮಗ ಇದ್ದ ಬಾಡಿಗೆ ಮನೆಯ ಶೀಟು ಸೋರುತ್ತಿತ್ತು. ಒದ್ದೆ ಆಗಬಾರದಂತೆ, ಜೋಪಾನ ದೊಡ್ಡವ್ವ ಎಂದು ನನ್ನ ಕೈಗೆ ಕೊಟ್ಟ. ಕಾಗದದ ಲಕೋಟೆ, ಅದರೊಳಗೆ ಪ್ಲಾಸ್ಟಿಕ್ಕಿನ ಜಾಳಿಗೆಯಂಥ ಪುಟ್ಟ ಪೆಟ್ಟಿಗೆ, ಅದರೊಳಗೆ ಮೇಣ. ನಾನು ಅದನ್ನು ನನ್ನ ಎಲೆ ಅಡಿಕೆಯ ತಗಡಿನ ಡಬ್ಬಿ ಖಾಲಿ ಮಾಡಿ, ಒರೆಸಿ, ಒಳಗಿಟ್ಟೆ.

ನನ್ನ ಕೋಣೆ ಭಟ್ಟಿಗೆ ಅಂಟಿಕೊಂಡೇ ಇದೆ. ಕೈಲಾಗದ ಮೇಲೂ ಭಟ್ಟಿಯ ಮಾಲೀಕರಾದ ಅಬ್ದುಲ್ ರಹೀಮ್ ಸಾಬರು ನನ್ನನ್ನು ಅಲ್ಲಿ ಇರಗೊಟ್ಟಿದ್ದಾರೆ. ಮಳೆಗಾಲದಲ್ಲಿ ಭಟ್ಟಿಯವರ ಪದ್ಧತಿ ಒಂದಿದೆ. ಒಲೆಯ ಹಿಂದಿನ ಗೋಡೆಗೆ, ಹೊಗೆಗೂಡಿನ ಪಕ್ಕ, ಒಂದು ಹಲಗೆ. ತೇವಕ್ಕೆ ಹೆದರುವುದನ್ನೆಲ್ಲ ಅದರ ಮೇಲೆ ಇಡುತ್ತೇವೆ: ಉಪ್ಪಿನ ಚೀಲ, ಬೆಂಕಿಪೊಟ್ಟಣ, ರೇಷನ್ ಕಾರ್ಡು, ಹಡೆದವರ ಮನೆಯ ಔಷಧಿ ಬೇರು. ಅಲ್ಲಿಟ್ಟದ್ದು ಯಾವತ್ತೂ ಬೂಸ್ಟು ಹಿಡಿದಿಲ್ಲ. ಮರುದಿನ ಭಾನುವಾರ, ಆಷಾಢದ ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮ ಭಟ್ಟಿ ಹಚ್ಚುವುದಿಲ್ಲ. ಶನಿವಾರ ಸಂಜೆ ಒಲೆ ಆರಿದ ಮೇಲೆ ನಾನು ಹಲಗೆಯ ಮೇಲೆ ಕೈ ಇಟ್ಟು ನೋಡಿದೆ. ಬೆಚ್ಚಗಿತ್ತು, ಅಷ್ಟೆ. ಡಬ್ಬಿಯನ್ನು ಅಲ್ಲಿಟ್ಟೆ.

ಭಾನುವಾರ ಬೆಳಿಗ್ಗೆ ನಾನು ಪುಟ್ಟಕ್ಕನ ಬಳಿ ಕೂರಲು ಹೋದೆ. ಬರುವ ಶುಕ್ರವಾರವೇ ಪಂಚಮಿ ಇತ್ತು. ಆ ವರ್ಷ ಹಬ್ಬದ ಬೇಡಿಕೆ ಬಹಳ ಬಂದು, ಸಾಬರು ಹೊಸಬರಿಬ್ಬರನ್ನು ಕರೆಸಿ ಅಮಾವಾಸ್ಯೆಯ ದಿನವೇ ಒಲೆಯ ಎರಡೂ ಬಾಯಿಗೆ ಬೆಂಕಿ ಹಚ್ಚಿಸಿದ್ದರು. ನನಗೆ ತಿಳಿಯಲಿಲ್ಲ. ಸಂಜೆ ಐದಕ್ಕೆ ತಿರುಗಿ ಬಂದಾಗ ದೂರದಿಂದಲೇ ಹೊಗೆ ಕಂಡಿತು. ನಾನು ಓಡುವ ವಯಸ್ಸಿನವಳಲ್ಲ. ಆದರೂ ಓಡಿದೆ.

ಡಬ್ಬಿಯನ್ನು ಬರಿಗೈಯಲ್ಲಿ ಮುಟ್ಟಲಾಗಲಿಲ್ಲ. ಸೆರಗಿನಲ್ಲಿ ಹಿಡಿದು ತೆಗೆದೆ. ಲಕೋಟೆ ಎಣ್ಣೆ ಕುಡಿದ ಹಾಗೆ ಆಗಿತ್ತು. ಮೇಣ ಪೂರಾ ಕರಗಿ ಡಬ್ಬಿಯ ತಳದಲ್ಲಿ ನಿಂತಿತ್ತು. ಪೆಟ್ಟಿಗೆಯ ಒಳಗೆ, ಒಂದು ಬದಿಗೆ ಅಂಟಿಕೊಂಡು, ಸೀದ ಜೀರಿಗೆಯಂಥದ್ದು ಒಂದು. ಅದು ಪುಟ್ಟಕ್ಕನ ಶ್ವಾಸಕೋಶದ ಚೂರು. ಅಲ್ಲಿ ಮಂಡಕ್ಕಿ ಅರಳುವ ಚಟಪಟ ಶಬ್ದ ಆಗುತ್ತಲೇ ಇತ್ತು. ಸಾಬರು ಬಂದು ನೋಡಿ, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಯಾ ಅಲ್ಲಾ, ಒಂದು ಮಾತು ಹೇಳಿದ್ರೆ ಹಚ್ತಿರ್ಲಿಲ್ಲವಲ್ಲವ್ವ," ಎಂದರು. ಅವರದ್ದೇನೂ ತಪ್ಪಿಲ್ಲ. ಅಕ್ಕಿಗೆ ಎಷ್ಟು ಕಾವು ಬೇಕೆಂದು ನನಗೆ ಗೊತ್ತು. ಮೇಣಕ್ಕೆ ಎಷ್ಟು ಸಾಕೆಂದು ನಾನು ನೆನೆಯಲೇ ಇಲ್ಲ.

ಅಂದೇ ಹೋಗಿ ಪುಟ್ಟಕ್ಕನಿಗೆ ಹೇಳಿದೆ. ಮುಚ್ಚಿಡುವುದು ನನ್ನಿಂದ ಆಗದು. ಅವಳು ಡಬ್ಬಿಯನ್ನು ಕೈಗೆ ತೆಗೆದುಕೊಂಡು ದೀಪದ ಕೆಳಗೆ ಹಿಡಿದು ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಅವಳಿಗೆ ನಗು ಬಂತು, ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕಳು.

"ಮೂವತ್ತು ವರ್ಷ ನನ್ನ ಹುರಿದದ್ದು ಸಾಲ್ದು ಅಂತ, ಸೂಜೀಲಿ ತೆಗೆದ ಚೂರನ್ನೂ ಹುರಿದು ಬಿಟ್ಟ್ಯೇನೆ? ಉಪ್ಪು ಹಾಕಿದ್ದ್ಯೋ ಇಲ್ವೋ?"

ಸೋಮವಾರ ಚೈತ್ರಾಳ ಮುಂದೆ ಡಬ್ಬಿ ಇಟ್ಟೆ. ಅವಳು ಬೈಯಲಿಲ್ಲ. ತಂಪಾದ ಕಡೆ ಇಡಿ ಎಂದು ಬರೆದು ಅಂಟಿಸಿರಬೇಕಿತ್ತು ಎಂದಳು. ಮತ್ತೆ ಹೊಸ ಮೇಣದಲ್ಲಿ ಕೂರಿಸಿ ಪ್ರಯತ್ನ ಮಾಡುತ್ತೇನೆ ಎಂದಳು. ನಡುವೆ ಪಂಚಮಿ ಬಂತು. ಪುಟ್ಟಕ್ಕ ಗೋಡೆಗೆ ಒರಗಿ ಕುಳಿತು ಉಂಡೆ ಕಟ್ಟಿದಳು; ಒಂದು ಉಂಡೆಗೆ ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಬೆಲ್ಲ ಗಟ್ಟಿಯಾಗುವ ಮೊದಲು ನಾನೂ ಕೈ ಹಾಕಿದೆ. ಎಂದಿನಂತೆ ಒಂದು ಡಬ್ಬಿ ಬೇರೆ ಇಟ್ಟಳು. ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಹಂಚಲು ಕೊಡುತ್ತಾಳೆಂದು ಕೈ ಚಾಚಿದೆ. "ಇರ್ಲಿ," ಎಂದಳು.

ಪಂಚಮಿ ಕಳೆದು ಹತ್ತು ದಿನಕ್ಕೆ ಚೈತ್ರಾ ಕರೆಸಿದಳು. ಮೂರು ಪಟ್ಟಿ ಮಾಡಿ ಮೂರಕ್ಕೂ ಬಣ್ಣ ಹಾಕಿದ್ದಳು. ಎಲ್ಲ ಕಡೆ ಒಂದೇ ಸಮ ಮಸುಕು ಕಂದು. ಕಾವಿಗೆ ಕಿಣ್ವವೂ ಬೆಂದಿದೆ, ಅಂಚು ಯಾವುದು ನಡು ಯಾವುದು ತಿಳಿಯುವುದಿಲ್ಲ, ಇದರಿಂದ ಹೆಚ್ಚು ಎಂದೂ ಹೇಳಲಾರೆ ಕಡಿಮೆ ಎಂದೂ ಹೇಳಲಾರೆ ಎಂದಳು. ಬೇಕಾದರೆ ಇನ್ನೊಂದು ಚೂರು ತೆಗೆಯಬಹುದು, ಆದರೆ ಓದಿಗೋಸ್ಕರ ನಾನು ಹಾಗೆ ಕೇಳುವುದು ಸರಿಯಲ್ಲ ಎಂದಳು.

ಪುಟ್ಟಕ್ಕ ಬ್ಯಾಡ ಎಂದಳು. ಸೂಜಿಗೆ ಹೆದರಿ ಅಂದಳೋ, ಬೇರೆ ಯೋಚನೆ ಬಂದಿತ್ತೋ ಗೊತ್ತಿಲ್ಲ. ಮೂರನೆಯ ದಿನ ಬೆಳಿಗ್ಗೆ, ನಾನು ಗಂಜಿ ಕಾಯಿಸುತ್ತಿದ್ದಾಗ, ಹರಿಹರಕ್ಕೆ ರಶ್ಶು ಇಲ್ಲದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು.

ಮಗ ಆಟೋದಲ್ಲಿ ಬಿಡುತ್ತೇನೆ ಎಂದ. ಅವಳು ಒಪ್ಪಲಿಲ್ಲ, ಬಸ್ಸಿನಲ್ಲೇ ಹೋಗಬೇಕು, ಕಿಟಕಿಯ ಪಕ್ಕ ಕೂರಬೇಕು. ಹತ್ತೂವರೆಯ ಬಸ್ಸಿಗೆ ಹೋದೆವು. ಉಂಡೆಯ ಡಬ್ಬಿ ಅವಳ ಮಡಿಲಲ್ಲಿತ್ತು. ಬಸ್ಸು ನಾವು ದಿನಾ ದಾಟುತ್ತಿದ್ದ ಜಾಗದಲ್ಲಿ ಬಂದಾಗ ಅವಳು ಕಿಟಕಿಯಿಂದ ರಸ್ತೆಯ ಅಂಚನ್ನು ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ದೊಡ್ಡಬಾತಿ ದಾಟಿದ ಮೇಲೆ ನನ್ನ ಕೈ ಹಿಡಿದುಕೊಂಡಳು. ಹರಿಹರ ಬರುವವರೆಗೆ ಬಿಡಲಿಲ್ಲ.

ರಂಗವ್ವನ ಮನೆ ಹೊಳೆಯ ಕಡೆಯ ಓಣಿಯಲ್ಲಿದೆ. ಅವಳು ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದಳು. ನಮ್ಮನ್ನು ನೋಡಿದಳು. ಕೊಡ ತುಂಬಿ ಹರಿಯತೊಡಗಿತು, ಅವಳು ನಲ್ಲಿ ತಿರುಗಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಅಕ್ಕನ ಕಡೆ ನೋಡದೆ, "ಒಳಗ್ ಬಂದು ಕೂಡ್ರಿ ಅಂತ ಹೇಳ್ರಿ," ಎಂದಳು.

ಒಂದು ಗಂಟೆ ಹೀಗೇ ನಡೆಯಿತು. ಮೂರು ಮಾರು ದೂರದಲ್ಲಿ ಎದುರುಬದುರು ಕುಳಿತು ಇಬ್ಬರೂ ನನ್ನ ಮೂಲಕ ಮಾತಾಡಿದರು. ಚಾಕ್ಕೆ ಸಕ್ಕರೆ ಹಾಕಬೇಕಾ ಕೇಳ್ರಿ ಎಂದು ಅವಳು. ಅವಳಿಗೆ ಮರೆತುಹೋಗಿದ್ದರೆ ಹಾಕಲಿ ಎಂದು ಇವಳು. ಇಷ್ಟು ಒಣಗಿದ್ದು ಯಾಕೆ ಕೇಳ್ರಿ ಎಂದು ಅವಳು. ಭಟ್ಟಿಯಲ್ಲಿ ಒಣಗದೆ ಹಸಿಯಾಗಿ ಇರುತ್ತಾರಾ ಕೇಳು ಎಂದು ಇವಳು. ನಾನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಲೆ ತಿರುಗಿಸಿ ಕುತ್ತಿಗೆ ನೋಯಿತು. ಕೊನೆಗೆ ನಾನು, ನನಗೆ ಸಾಕಾಯಿತು, ಇಬ್ಬರಿಗೂ ಬಾಯಿ ಇದೆ ಎಂದೆ.

ಅಷ್ಟರಲ್ಲಿ ಪುಟ್ಟಕ್ಕನಿಗೆ ಕೆಮ್ಮು ಬಂತು. ಬಗ್ಗಿ ಹೋದಳು. ರಂಗವ್ವ ಎದ್ದದ್ದು ನನಗೆ ಕಾಣಲಿಲ್ಲ. ನೋಡುವಷ್ಟರಲ್ಲಿ ಅವಳ ಕೈ ಅಕ್ಕನ ಬೆನ್ನ ಮೇಲಿತ್ತು. ಟವೆಲ್ಲಿನ ರಕ್ತ ನೋಡಿದಳು. ಬಹಳ ಹೊತ್ತು ಬೆನ್ನು ಸವರಿ, ಆಮೇಲೆ ಅಕ್ಕನನ್ನೇ ಕೇಳಿದಳು.

"ಅವ್ವನ ಮಖ ಹೆಂಗಿತ್ತು?"

"ಎಡಗಣ್ಣು ಪೂರಾ ಮುಚ್ಚಿರ್ಲಿಲ್ಲ," ಎಂದಳು ಪುಟ್ಟಕ್ಕ. "ನಾನು ಎರಡು ಸಲ ಮುಚ್ಚಿದೆ. ಮತ್ತೆ ತೆರೀತು. ಮೂರನೇ ಸಲ ಬಿಟ್ಟುಬಿಟ್ಟೆ. ನಿನ್ನ ಕಾಯ್ತಾಳ ಅಂತ ಗೊತ್ತಿತ್ತು ನಂಗೆ. ಗೊತ್ತಿದ್ದೂ ಹೂಂ ಅಂದೆ."

ಅದನ್ನು ಅವಳು ಹನ್ನೆರಡು ವರ್ಷ ಯಾರಿಗೂ ಹೇಳಿರಲಿಲ್ಲ, ನನಗೂ. ರಂಗವ್ವ ಅಳುವುದಕ್ಕೆ ಒಳಗೆ ಹೋದಳು. ಬಂದು ಉಂಡೆಯ ಡಬ್ಬಿ ತೆಗೆದು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಬೆಲ್ಲ ಹೆಚ್ಚಾಗಿದೆ ಎಂದಳು.

ಸಂಜೆ ನಾನೊಬ್ಬಳೇ ಬಸ್ಸು ಹತ್ತಿದೆ. ಪುಟ್ಟಕ್ಕ ಅಲ್ಲೇ ಉಳಿದಳು. ಕಿಮೋ ಇದ್ದ ದಿನ ಮಗ ಆಟೋದಲ್ಲಿ ಕರೆತಂದು ಮತ್ತೆ ಅಲ್ಲಿಗೇ ಬಿಡುತ್ತಿದ್ದ. ನಾನು ಪ್ರತಿ ಗುರುವಾರ ಹೋಗುತ್ತಿದ್ದೆ. ಅಕ್ಕತಂಗಿ ಒಂದೇ ಕಂಬಳಿಯ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಾ, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು ಎಂದು ಮಾತಾಡುತ್ತಿದ್ದರು. ನಾನು ಹೋದರೆ ಜಾಗ ಕೊಡುತ್ತಿದ್ದರು. ಆದರೆ ಅವರ ಮಾತು ನನಗೆ ತಿಳಿಯದ ಜನರದ್ದು, ನಾನು ಹುಟ್ಟದ ಮನೆಯದ್ದು. ಭಟ್ಟಿಯ ಮುಂದೆ ಮೂವತ್ತು ವರ್ಷ ನನ್ನ ಎಡಗಡೆಯೇ ನಿಂತಿದ್ದವಳು. ಈಗಲೂ ಎಡಗಡೆ ಯಾರಾದರೂ ನಿಂತರೆ ನಾನು ತಿರುಗಿ ನೋಡುತ್ತೇನೆ. ವಾರದಲ್ಲಿ ಆರು ದಿನ ಕಳೆಯುವುದು ಕಷ್ಟವಾಯಿತು. ಹೋಗಲಿ, ಅವಳಿಗೆ ಬೇಕಾದದ್ದು ಸಿಕ್ಕಿತು ಎಂದುಕೊಳ್ಳುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಸೊಂಟದಲ್ಲಿ ನೋವು ಶುರುವಾಯಿತು. ಸ್ಕ್ಯಾನು ಮಾಡಿದರೆ ಬೆನ್ನುಮೂಳೆಗೆ ಬಂದಿತ್ತು. ಚೈತ್ರಾ ಹರಿಹರಕ್ಕೇ ಸ್ಕೂಟರಿನಲ್ಲಿ ಬಂದು ನೋಡಿದಳು. ಆ ರಸ ಹೆಚ್ಚೇ ಇತ್ತೇನು ಎಂದು ನಾನು ಬಾಗಿಲ ಹೊರಗೆ ಕೇಳಿದೆ. ಇದ್ದಿರಬೇಕು ಅಜ್ಜಿ, ಆದರೆ ಈಗ ಹಾಗೆ ಹೇಳುವುದು ಸುಲಭ ಎಂದಳು. ನೋವಿಗೆ ಮಾತ್ರೆ ಬರೆದುಕೊಟ್ಟಳು.

ಕೊನೆಯ ಗುರುವಾರ ನಾನು ಹೋದಾಗ ಬೆಳಿಗ್ಗೆ ಹನ್ನೊಂದು. ಪುಷ್ಯದ ಚಳಿ. ಅವಳನ್ನು ಅಂಗಳದ ಬಿಸಿಲಿಗೆ ಮಂಚ ಹಾಕಿ ಮಲಗಿಸಿದ್ದರು. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ತಲೆದಿಂಬು ಎರಡು ಇಟ್ಟು ಅರ್ಧ ಕೂರಿಸಿದ್ದರೂ ಉಸಿರು ಸಾಲುತ್ತಿರಲಿಲ್ಲ. ಎರಡು ಮಾತು ಆಡಿ ನಿಲ್ಲುತ್ತಿದ್ದಳು. ನಾನು ಅವಳ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದೆ. ರಂಗವ್ವ ಅಕ್ಕನಿಗೆ ರಾಗಿ ಗಂಜಿ ತರುತ್ತೇನೆಂದು ಒಳಗೆ ಹೋದಳು. ಒಳಗಿನಿಂದ, ಉಪ್ಪು ಹಾಕ್ಲೇನೆ ಎಂದು ಕೂಗಿ ಕೇಳಿದಳು. ಪುಟ್ಟಕ್ಕ ಹೂಂ ಎಂದಳು. ಅದು ಒಳಗೆ ಕೇಳಿಸುವಷ್ಟು ಇರಲಿಲ್ಲ, ನಾನು ಹೂಂ ಎಂದು ಕೂಗಿ ಹೇಳಿದೆ.

ಆಗ ಅವಳು ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದಳು. ಎಣ್ಣೆಗೈಯಲ್ಲೇ ಎದ್ದು ಹೋಗಿ ಅವಳ ಬಾಯಿಗೆ ಕಿವಿ ಕೊಟ್ಟೆ. ಬಾಗಿಲ ಕಡೆ ಒಮ್ಮೆ ನೋಡಿ, ರಂಗವ್ವ ಇಲ್ಲದ್ದು ಖಚಿತ ಮಾಡಿಕೊಂಡಳು. ಚೂರಿನಲ್ಲಿ ರಸ ಕಡಿಮೆ ಅಂತ ಬಂದಿದ್ದರೆ ನಾನು ದಾವಣಗೆರೆಯಲ್ಲೇ ರಂಗಿ ಬರಲಿ ಎಂದು ಕಾಯುತ್ತಾ ಕುಳಿತಿರುತ್ತಿದ್ದೆ, ಅಲ್ಲವೇ ಎಂದಳು. ಹೌದು ಎಂದೆ. ಅವಳು ಉಸಿರು ಎಳೆದುಕೊಂಡಳು. ಇನ್ನೊಮ್ಮೆ ಎಳೆದುಕೊಂಡಳು. ನನ್ನ ಮಣಿಕಟ್ಟು ಹಿಡಿದುಕೊಂಡು, ನನ್ನ ಮುಖವನ್ನೇ ನೋಡುತ್ತಾ ಕೇಳಿದಳು:

"ನಿಜ ಹೇಳು ಹಾಲಕ್ಕ. ಆ ಡಬ್ಬಿನ ನೀ ಬೇಕಂತ್ಲೇ ಅಲ್ಲಿಟ್ಟಿದ್ದೇನು?"